ಕೀಲು ಬಿಚ್ಚುವ ಪೆಟ್ಟಿಗೆ

ದೊಡ್ಡಬಳ್ಳಾಪುರದ ಅಂಚಿನಲ್ಲಿದ್ದ ಬಣ್ಣದ ಕಾರ್ಖಾನೆಗೆ ನಾನು ಕೆಲಸಕ್ಕೆ ಸೇರಿದಾಗ ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಪಟ್ಟಣದ ಬೀದಿಬೀದಿಯಲ್ಲೂ ಮಗ್ಗಗಳ ಸದ್ದು. ಆ ಮಗ್ಗಗಳಿಗೆ ಬೇಕಾದ ನೂಲಿಗೆ ಬಣ್ಣ ಕೊಡುವುದು ನಮ್ಮ ಕಾರ್ಖಾನೆಯ ಕೆಲಸ. ಗಂಡಸರು ಬಿಸಿ ಬಣ್ಣದ ತೊಟ್ಟಿಗಳಲ್ಲಿ ನೂಲಿನ ಲಡಿಗಳನ್ನು ಅದ್ದಿ ತೆಗೆಯುತ್ತಿದ್ದರು. ಹೆಂಗಸರಾದ ನಾವು ಆ ಹಸಿ ಲಡಿಗಳನ್ನು ಹಿಂದಿನ ಬಯಲಿಗೆ ಸಾಗಿಸಿ ಬಿದಿರಿನ ಗಳಗಳ ಮೇಲೆ ಒಣಹಾಕಬೇಕಿತ್ತು.

ಸಾಗಿಸುವುದಕ್ಕೆಂದು ಕಬ್ಬಿಣದ ಗಾಲಿ ಪೆಟ್ಟಿಗೆಗಳಿದ್ದವು. ಟ್ರಾಲಿ ಎನ್ನುತ್ತಿದ್ದೆವು. ಬೆಂಗಳೂರಿನ ಯಾವುದೋ ವರ್ಕ್‌ಶಾಪಿನಲ್ಲಿ ಮಾಡಿಸಿ ತಂದವು. ತಳ, ಗೋಡೆ, ಗಾಲಿಯ ಕಾಲು ಎಲ್ಲವನ್ನೂ ಸೇರಿಸಿ ವೆಲ್ಡಿಂಗ್ ಮಾಡಿದ್ದರು. ನೋಡುವುದಕ್ಕೆ ಆನೆಯಂತಿದ್ದವು. ಆದರೆ ಉಪ್ಪು, ಸೋಡಾ ಬೆರೆತ ಬಣ್ಣದ ನೀರು ಹಗಲಿಡೀ ಸೋರುತ್ತಿದ್ದ ಜಾಗದಲ್ಲಿ ಕಬ್ಬಿಣ ಎಷ್ಟು ದಿನ ಬಾಳೀತು? ಒಂದು ಗಾಲಿ ಮುರಿದರೆ ಇಡೀ ಟ್ರಾಲಿ ಗೋಡೆಗೆ ಒರಗಿಕೊಳ್ಳುತ್ತಿತ್ತು. ಬೆಂಗಳೂರಿಗೆ ಹೋಗುವ ಲಾರಿ ಬಂದಾಗ ಅದನ್ನು ಎತ್ತಿ ಕಳಿಸಬೇಕು. ಅಲ್ಲಿ ಅವರಿಗೆ ಬಿಡುವಾದಾಗ ಸರಿಮಾಡಬೇಕು. ಅದು ವಾಪಸ್ ಬರುವಷ್ಟರಲ್ಲಿ ಇಲ್ಲಿ ಇನ್ನೊಂದು ಗೋಡೆಗೆ ಒರಗಿರುತ್ತಿತ್ತು.

ಅಷ್ಟು ದಿನ ಟ್ರಾಲಿಯ ಕೆಲಸವನ್ನು ನಮ್ಮ ತಲೆ ಮಾಡುತ್ತಿತ್ತು. ನೀರು ಕುಡಿದ ನೂಲಿನ ಭಾರ ಹೊತ್ತವರಿಗೇ ಗೊತ್ತು. ಬುಟ್ಟಿಯಿಂದ ಸೋರಿದ ಬಣ್ಣ ಕಿವಿಯ ಹಿಂದೆ, ಕತ್ತಿನ ಮೇಲೆ, ಬೆನ್ನಿನ ತನಕ ಇಳಿಯುತ್ತಿತ್ತು. ಸಂಜೆ ಮನೆಗೆ ನಡೆದು ಹೋಗುವಾಗ ನಮ್ಮ ಕತ್ತು ನೋಡಿಯೇ ಅಂಗಡಿಯವರು ಇವತ್ತು ಯಾವ ಬಣ್ಣ ಅದ್ದಿದ್ದಾರೆ ಎಂದು ಹೇಳುತ್ತಿದ್ದರು. ಕೆಲವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನ್ನ ಜೊತೆ ಒಣಹಾಕುವ ಕೆಲಸಕ್ಕಿದ್ದವರಲ್ಲಿ ನನಗಿಂತ ಹದಿನೈದು ವರ್ಷ ಹಿರಿಯಳಾದ ಒಬ್ಬಳಿದ್ದಳು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಲಡಿ ಹಿಂಡುವುದು, ಕೊಡವಿ ಗಳಕ್ಕೆ ಹಾಕುವುದು, ನೆರಳು ನೋಡಿ ತಿರುವುವುದು, ಎಲ್ಲವನ್ನೂ ನನಗೆ ಕಲಿಸಿದ್ದು ಅವಳೇ. ಒಂದು ದಿನ ಬುಟ್ಟಿ ಹೊತ್ತು ಬಯಲಿಗೆ ಇಳಿಯುವ ಮೆಟ್ಟಿಲ ಮೇಲೆ ಅವಳ ಕಾಲು ಜಾರಿತು. ಕೆಂಪು ಬಣ್ಣದ ದಿನ ಅದು. ಮೆಟ್ಟಿಲ ಕೆಳಗೆ ಅವಳು ಬಿದ್ದಿದ್ದನ್ನು ಕಂಡಾಗ ಯಾವುದು ರಕ್ತ, ಯಾವುದು ಬಣ್ಣ ಎಂದು ತಿಳಿಯದೆ ನಾವೆಲ್ಲ ಅವಳ ಮೈ ತಡವುತ್ತಾ ನಿಂತೆವು. ರಕ್ತ ಬಂದಿರಲಿಲ್ಲ. ಕತ್ತು ಹೊರಳಿತ್ತು.

ಆಸ್ಪತ್ರೆ, ಆಮೇಲೆ ನಾಟಿ ವೈದ್ಯರು, ಎಣ್ಣೆ, ಪಟ್ಟು ಎಲ್ಲ ಆಯಿತು. ಅಕ್ಕ ಮತ್ತೆ ಕೆಲಸಕ್ಕೆ ಬಂದಳು. ಆದರೆ ಕತ್ತು ತಿರುಗುತ್ತಿರಲಿಲ್ಲ. ಪಕ್ಕದಲ್ಲಿದ್ದವರನ್ನು ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಮೇಸ್ತ್ರಿ ಬಂದು ಅವಳ ಮುಂದೆ ಬುಟ್ಟಿ ಇಟ್ಟ. ಯಂತ್ರ, ಟ್ರಾಲಿ, ಆಳುಕಾಳು ಎಲ್ಲ ಅವನ ಉಸ್ತುವಾರಿಯಲ್ಲೇ ಇದ್ದವು.

"ಆಗಲ್ಲ ಮೇಸ್ತ್ರಿ, ಕತ್ತು ಇನ್ನೂ ನೆಟ್ಟಗಾಗಿಲ್ಲ," ಎಂದಳು ಅಕ್ಕ.

"ಆಗ್ದಿದ್ರೆ ಮನೇಲಿರಮ್ಮ. ಬರೋರು ಬೇಕಾದಷ್ಟು ಜನ ಇದ್ದಾರೆ."

ನಾನು ನನ್ನ ತಲೆಯ ಮೇಲಿದ್ದ ಬುಟ್ಟಿಯನ್ನು ಕೆಳಗಿಳಿಸಿದೆ. ಮೊದಲೇ ಯೋಚಿಸಿ ಮಾಡಿದ್ದಲ್ಲ. "ನಾನೂ ಹೊರಲ್ಲ," ಎಂದೆ. ಗಳಗಳ ಹತ್ತಿರ ನಿಂತಿದ್ದ ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಂದೊಂದಾಗಿ ಬುಟ್ಟಿಗಳು ನೆಲಕ್ಕೆ ಇಳಿದವು. ನಾವು ಹೋಗಿ ನೂಲಿನ ನೆರಳಲ್ಲಿ ಕೂತೆವು.

ಮಧ್ಯಾಹ್ನಕ್ಕೆ ಯಜಮಾನರು ಬಂದರು. ಅವರು ಕೆಟ್ಟ ಮನುಷ್ಯರಲ್ಲ. ನೇಕಾರರ ಮನೆಯಲ್ಲೇ ಹುಟ್ಟಿ ಬೆಳೆದವರು, ಎಲ್ಲರನ್ನೂ ಅಮ್ಮ, ಅಪ್ಪ ಎಂದೇ ಮಾತಾಡಿಸುತ್ತಿದ್ದರು. ಆದರೆ ಯಾವ ತಾಪತ್ರಯ ಹೇಳಿದರೂ ಅದಕ್ಕಿಂತ ದೊಡ್ಡ ತಾಪತ್ರಯವನ್ನು ತಾವೇ ಹೇಳಿಕೊಳ್ಳುವ ಅಭ್ಯಾಸ ಅವರಿಗೆ.

"ನಾನೇನು ಮಾಡ್ಲಿ ಹೇಳ್ರಮ್ಮ. ಟ್ರಾಲಿ ಬೆಂಗಳೂರಿಗೆ ಹೋಗಿದೆ. ಅವರು ಕೊಟ್ಟಾಗ ತಾನೇ ಬರ್ಬೇಕು?"

"ಬೆಂಗಳೂರಿಗೆ ಹೋಗದೇ ಇರೋ ಅಂಥ ಟ್ರಾಲಿ ಮಾಡ್ಸಿ ಯಜಮಾನ್ರೇ," ಎಂದೆ ನಾನು.

ಮೇಸ್ತ್ರಿ ನಕ್ಕ. "ನೀನೇ ಮಾಡ್ಕೊಂಡು ಬಾ ಹೋಗು."

"ಬರ್ತೀನಿ. ಮುರಿದಿರೋದು ಒಂದು ಕೊಡಿ, ಮಾಡ್ಕೊಂಡೇ ಬರ್ತೀನಿ."

ಆ ಮಾತನ್ನು ಯಾವ ಧೈರ್ಯದ ಮೇಲೆ ಆಡಿದೆನೋ ನನಗೆ ಆಗ ಗೊತ್ತಿರಲಿಲ್ಲ. ಮನೆಗೆ ಹೋಗಿ ಅವ್ವನಿಗೆ ಹೇಳಿದ ಮೇಲೆ ತಿಳಿಯಿತು.

ನಮ್ಮ ಹಳ್ಳಿ ಪಟ್ಟಣದಿಂದ ನಡೆದು ಹೋಗುವಷ್ಟು ದೂರ. ಅಪ್ಪ ತೀರಿಕೊಂಡ ಮೇಲೆ ಅವ್ವ ತಾನೇ ಎತ್ತು ಕಟ್ಟಿ ಗಾಡಿ ಹೊಡೆಯುತ್ತಿದ್ದಳು. ಹೆಂಗಸು ಗಾಡಿ ಹೊಡೆಯುವುದನ್ನು ನೋಡಿ ಮೊದಮೊದಲು ಊರಿನವರು ದಾರಿಯಲ್ಲಿ ನಿಂತು ನೋಡುತ್ತಿದ್ದರಂತೆ. ಒಂದು ಸಲ ಸಂತೆಗೆ ಹೋಗುವಾಗ ಕೆರೆ ಏರಿಯ ಮೇಲೆ ಚಕ್ರ ಕಳಚುವಂತಾಯಿತು. ನಾನು ಗಾಡಿಯಲ್ಲೇ ಇದ್ದೆ. ಅವ್ವ ಇಳಿದು, ಅಚ್ಚಿನ ಕೆಳಗೆ ಕಲ್ಲು ಕೊಟ್ಟು, ಅದರ ತುದಿಯ ಕಡಾಣಿಯನ್ನು, ಅಂದರೆ ಚಕ್ರ ಹೊರಬಾರದಂತೆ ತಡೆಯುವ ಕಬ್ಬಿಣದ ಕೀಲನ್ನು, ಕಲ್ಲಿನಲ್ಲಿ ಹೊಡೆದು ತೆಗೆದಳು. ಸವೆದಿದ್ದ ಆ ಕೀಲನ್ನು ಬಿಸಾಕಿ ಮಡಿಲಲ್ಲಿದ್ದ ಬೇರೆ ಕೀಲು ಹಾಕಿದಳು. ಹಿಂದೆ ಬಂದ ಗಾಡಿಯ ಗಂಡಸರು ಇಳಿದು ಬರುವಷ್ಟರಲ್ಲಿ ಅವಳು ಮತ್ತೆ ನೊಗದ ಹಿಂದೆ ಕೂತಾಗಿತ್ತು.

ಮರುದಿನ ಅವ್ವ ಗಾಡಿ ಕಟ್ಟಿಕೊಂಡು ಕಾರ್ಖಾನೆಯ ಬಾಗಿಲಿಗೆ ಬಂದಳು. ಮುರಿದ ಟ್ರಾಲಿಯನ್ನು ನಾವೇ ಎತ್ತಿ ಗಾಡಿಗೆ ಹಾಕಿದೆವು. ಅವ್ವ ಅದರ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಕೆಳಗೆ ಕೈಯಾಡಿಸಿದಳು.

"ಇದಕ್ಕೆ ಕೀಲೇ ಇಲ್ವಲ್ಲೇ. ಕೀಲಿಲ್ದಿದ್ದು ಮುರಿದ್ರೆ ಪೂರ್ತಿ ಮುರಿದಂಗೇ ಕಣೆ."

ಅಲ್ಲಿಂದ ಪಟ್ಟಣದೊಳಗೆ ಟ್ರಂಕು ಮಾಡುವ ಸಾಬರ ಅಂಗಡಿಗೆ ಗಾಡಿ ಹೊಡೆದಳು. ನಮ್ಮ ಮನೆಯ ಬಕೆಟ್ಟು, ನೀರು ತುಂಬುವ ತೊಟ್ಟಿ ಎಲ್ಲ ಅವರೇ ಮಾಡಿಕೊಟ್ಟವು. ಅವರು ಟ್ರಾಲಿ ನೋಡಿ ತಲೆಯಾಡಿಸಿದರು.

"ಇದು ನನ್ನ ಕೆಲ್ಸ ಅಲ್ಲಮ್ಮಾ. ನಾನು ತಗಡು ಬಡಿಯೋನು. ಇದು ದೊಡ್ಡ ಕಾರ್ಖಾನೆ ಸಾಮಾನು."

"ಇಂಥದ್ದು ಬೇಡ ಸಾಬ್ರೇ. ನನ್ನ ಗಾಡಿ ಥರ ಬೇಕು. ಯಾವುದು ಮುರಿದ್ರೂ ಅದೊಂದನ್ನೇ ತೆಗೆದು ಹಾಕೋ ಹಂಗಿರ್ಬೇಕು," ಎಂದಳು ಅವ್ವ.

"ಗಾಡಿ ಬೇರೆ, ಪೆಟ್ಟಿಗೆ ಬೇರೆ."

"ಯಾಕೆ ಬೇರೆ? ಎರಡೂ ಉರುಳೋದೇ ತಾನೆ?"

ಅವರಿಬ್ಬರೂ ಬಹಳ ಹೊತ್ತು ವಾದ ಮಾಡಿದರು. ಸಾಬರು ಸೀಮೆಸುಣ್ಣ ತೆಗೆದು ನೆಲದ ಮೇಲೆ ಗೆರೆ ಎಳೆಯುವುದು, ಅವ್ವ ಅದನ್ನು ಕಾಲಿನಿಂದ ಒರೆಸುವುದು. ನಾನು ನಡುವೆ ನಿಂತು ನಮಗೆ ಏನು ಬೇಕೆಂದು ಹೇಳುತ್ತಿದ್ದೆ. ಲಡಿ ಕೆಳಗಿಂದ ಎತ್ತುವಾಗ ಸೊಂಟ ಬಗ್ಗಬಾರದು. ಒಂದು ಗೋಡೆ ತೆಗೆಯುವಂತಿದ್ದರೆ ಒಳಗಿನದ್ದು ಸಲೀಸಾಗಿ ಕೈಗೆ ಸಿಗುತ್ತದೆ. ಗಾಲಿ ಬದಲಿಸಲು ಗಂಡಾಳಿನ ಬಲ ಬೇಕಾಗಬಾರದು.

ಕೊನೆಗೆ ಒಂದು ರೂಪ ಮೂಡಿತು. ಮರದ ಕೆಲಸಕ್ಕೆ ಸಾಬರು ಪಕ್ಕದ ಬಡಗಿಯನ್ನು ಸೇರಿಸಿಕೊಂಡರು. ಕೆಳಗೆ ಜಾಲಿ ಮರದ ಚೌಕಟ್ಟು, ನಾಲ್ಕು ಮೂಲೆಗೂ ಗಾಡು, ಅಂದರೆ ಹಲಗೆ ಕೂರುವ ಉದ್ದನೆಯ ಕಚ್ಚು, ಕೊರೆದ ಕಂಬ. ಕಂಬಗಳ ಗಾಡಿನಲ್ಲಿ ಮೇಲಿನಿಂದ ಇಳಿಬಿಡುವ ಹಲಗೆಗಳೇ ಗೋಡೆ. ಪೆಟ್ಟಿಗೆ ಸರಿಯಾದ ಚೌಕ, ಹಾಗಾಗಿ ಯಾವ ಹಲಗೆ ಯಾವ ಕಡೆಗಾದರೂ ಹೊಂದುತ್ತಿತ್ತು. ಪ್ರತಿ ಗಾಲಿಗೂ ಬೇರೆಬೇರೆ ಕಬ್ಬಿಣದ ಪಟ್ಟಿ, ಅದನ್ನು ಹಿಡಿದಿಡಲು ಒಂದೊಂದು ಕೀಲು. ಸುತ್ತಿಗೆಯಿಂದ ಎರಡು ಏಟು ಕೊಟ್ಟರೆ ಗಾಲಿ ಕೈಗೆ ಬರುತ್ತಿತ್ತು.

ಅದನ್ನು ತಳ್ಳಿಕೊಂಡು ಕಾರ್ಖಾನೆಗೆ ಹೋದ ದಿನ ನನ್ನ ತಲೆ ಎಷ್ಟು ಎತ್ತರದಲ್ಲಿತ್ತೆಂದರೆ ಮೇಸ್ತ್ರಿ ಎದುರಿಗೆ ಬಂದದ್ದೂ ಕಾಣಲಿಲ್ಲ. ಆ ಎತ್ತರ ಬಹಳ ದಿನ ಉಳಿಯಲಿಲ್ಲ. ಹಸಿ ನೂಲಿನ ನೀರು ಕುಡಿದು ಹಲಗೆಗಳು ಉಬ್ಬಿಕೊಂಡವು. ಗೋಡೆ ತೆಗೆಯಲು ಹೋದರೆ ಅಲುಗಲಿಲ್ಲ. ನಾವು ನಾಲ್ಕು ಜನ ಹಿಡಿದು ಜಗ್ಗುತ್ತಿರುವಾಗ ಮೂಲೆಯ ಕಂಬ ಅಲುಗಿ, ಕೆಳಗಿನ ಒಂದು ಕೀಲು ಕಳಚಿ ಬಿತ್ತು. ಪೆಟ್ಟಿಗೆ ಅಡ್ಡಬಿತ್ತು. ಹಳದಿ ನೂಲೆಲ್ಲ ಚರಂಡಿಗೆ.

ಮೇಸ್ತ್ರಿ ತೊಟ್ಟಿಯ ಹತ್ತಿರವಿದ್ದ ಎಲ್ಲರನ್ನೂ ಕರೆದು ತೋರಿಸಿದ. "ನೋಡ್ರಪ್ಪ, ಎತ್ತಿನ ಗಾಡಿ ಇಂಜಿನಿಯರು." ಗಂಡಸರು ನಕ್ಕರು. ನಾನು ಚರಂಡಿಯಿಂದ ನೂಲು ಎತ್ತುತ್ತಾ ಇದ್ದೆ. ಅಕ್ಕ ಮೈ ತಿರುಗಿಸಿ ಅವರನ್ನು ನೋಡಿ ಹೇಳಿದಳು: "ನಕ್ಕಾದ್ಮೇಲೆ ಬಂದು ಒಂದು ಕೈ ಹಿಡೀರಿ. ಇದು ನಿಮ್ಮ ನೂಲೂ ಹೌದು." ಇಬ್ಬರು ಬಂದು ಕೈ ಹಿಡಿದರು.

ಸೋತೆ ಎಂದು ನನಗೆ ಅನ್ನಿಸಲಿಲ್ಲ. ಕಬ್ಬಿಣದ ಟ್ರಾಲಿ ಬಿದ್ದಿದ್ದರೆ ಅದನ್ನು ನೋಡಿ ಏನೂ ತಿಳಿಯುತ್ತಿರಲಿಲ್ಲ. ಇದು ಬಿದ್ದಾಗ ಎಲ್ಲಿ ತಪ್ಪಾಗಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಮತ್ತೆ ಸಾಬರ ಅಂಗಡಿಗೆ ಹೋದೆವು. ಅಗಲದ ಹಲಗೆ ಬಿಟ್ಟು, ನಡುವೆ ಸಂದು ಉಳಿಸಿ ಸಣ್ಣ ಪಟ್ಟಿಗಳನ್ನು ಜೋಡಿಸಿದೆವು. ಗಾಡನ್ನೂ ಸಡಿಲ ಮಾಡಿದೆವು, ಉಬ್ಬಿದರೂ ಓಡಾಡಲು ಜಾಗ ಇರಲಿ ಎಂದು. ಕೀಲಿನ ತುದಿಗೆ ತೂತು ಕೊರೆದು ಅಡ್ಡ ತಂತಿ ಸಿಕ್ಕಿಸಿದರು ಸಾಬರು. ಸಂದಿಗಳಿಂದಾಗಿ ಇನ್ನೊಂದು ಲಾಭವಾಯಿತು, ನಾವು ಯಾರೂ ಎಣಿಸಿರಲಿಲ್ಲ. ತೊಟ್ಟಿಯಿಂದ ಬಯಲಿಗೆ ಬರುವಷ್ಟರಲ್ಲಿ ನೂಲಿನ ನೀರು ದಾರಿಯಲ್ಲೇ ಸೋರಿ ಹೋಗುತ್ತಿತ್ತು. ಮೊದಲು ಇಬ್ಬರು ತಳ್ಳುತ್ತಿದ್ದದ್ದನ್ನು ಈಗ ಒಬ್ಬಳು ತಳ್ಳಬಹುದಿತ್ತು.

ಯಜಮಾನರು ಬಂದು ನೋಡಿದರು, ತಾವೇ ಒಂದು ಸುತ್ತು ತಳ್ಳಿದರು. "ಇಂಥವೇ ಇನ್ನಷ್ಟು ಮಾಡ್ಸೋಣ," ಎಂದರು. ಎಲ್ಲವೂ ಒಂದೇ ಅಳತೆ. ಒಂದರ ಗಾಲಿ ಇನ್ನೊಂದಕ್ಕೆ, ಒಂದರ ಗೋಡೆ ಮತ್ತೊಂದಕ್ಕೆ. ಎರಡು ಮುರಿದರೆ ಅವೆರಡರಿಂದ ಒಂದು ಗಟ್ಟಿ ಟ್ರಾಲಿ ಎದ್ದು ನಿಲ್ಲುತ್ತಿತ್ತು.

ಜಗಳ ಮುಗಿಯಿತು ಎಂದುಕೊಂಡೆವು. ನಿಜವಾದ ಜಗಳ ಆಮೇಲೆ ಶುರುವಾಯಿತು.

ಮೇಸ್ತ್ರಿ ಒಂದು ಕಟ್ಟಳೆ ಮಾಡಿದ. ಸುತ್ತಿಗೆ, ಕೀಲು, ಹೆಚ್ಚಿನ ಗಾಲಿಗಳು ಎಲ್ಲ ಅವನ ಕೋಣೆಯಲ್ಲಿ. ಟ್ರಾಲಿ ಕೆಟ್ಟರೆ ಅವನಿಗೆ ಹೇಳಬೇಕು, ಅವನೇ ಬಂದು ಸರಿಮಾಡಬೇಕು. ಹೆಂಗಸರು ಸಾಮಾನು ಮುಟ್ಟಕೂಡದು. ಗಾಲಿ ಮುರಿದಿದೆ ಎಂದು ಹೇಳಲು ಹೋದರೆ "ಪುರುಸೊತ್ತಿಲ್ಲ, ನಾಳೆ ನೋಡ್ತೀನಿ" ಎನ್ನುತ್ತಿದ್ದ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಸರಿಹೋಗುವ ಟ್ರಾಲಿ ಮತ್ತೆ ಗೋಡೆಗೆ ಒರಗಿ ನಿಂತಿತು. ಬುಟ್ಟಿಗಳು ಮತ್ತೆ ಹೊರಬಂದವು.

ನಾನು ಅವನ ಕೋಣೆಗೆ ಹೋಗಿ ಕೇಳಿದೆ. "ಯಾಕೆ ಮೇಸ್ತ್ರಿ ಹಿಂಗೆ ಮಾಡ್ತೀರಿ? ಸುತ್ತಿಗೆ ಕೊಡಿ, ನಾವೇ ಮಾಡ್ಕೊಳ್ತೀವಿ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಎಲ್ಲಾ ನೀವೇ ಮಾಡ್ಕೊಂಡ್ರೆ ನಾನ್ಯಾಕಮ್ಮ ಇಲ್ಲಿ? ನನಗೂ ಮನೆ ಮಠ ಇಲ್ವಾ?"

ಅವನ ಭಯ ನನಗೆ ಅರ್ಥವಾಯಿತು. ಆದರೆ ಅವನ ಭಯವನ್ನೂ ನಮ್ಮ ತಲೆಯ ಮೇಲೆ ಹೊರಿಸಿದ್ದು ಮಾತ್ರ ನ್ಯಾಯ ಅನ್ನಿಸಲಿಲ್ಲ. ಮರುದಿನ ಮನೆಯಿಂದ ಅವ್ವನ ಸುತ್ತಿಗೆ ತಂದೆ. ಮುಚ್ಚಿಟ್ಟುಕೊಂಡು ಅಲ್ಲ, ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ದಾಟಿದೆ. ಊಟದ ಹೊತ್ತಿಗೆ, ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾಗ, ಮುರಿದ ಟ್ರಾಲಿಯನ್ನು ಬಯಲಿನ ನಡುವೆ ಎಳೆದು ತಂದು ಮಗುಚಿ ಹಾಕಿದೆ. ಗೋಡೆಗೊರಗಿದ್ದ ಇನ್ನೊಂದರಿಂದ ಒಳ್ಳೆಯ ಗಾಲಿ ಬಿಚ್ಚಿ ಇದಕ್ಕೆ ಹಾಕಿದೆ. ಸುತ್ತಿಗೆಯ ಸದ್ದಿಗೆ ಮೇಸ್ತ್ರಿ ಓಡಿ ಬಂದ.

"ಯಾರು ಹೇಳಿದ್ರು ನಿನಗೆ ಮುಟ್ಟು ಅಂತ?"

"ಕತ್ತು ನೋಯ್ತಾ ಇತ್ತು. ಅದೇ ಹೇಳ್ತು."

ಅವನು ನನ್ನನ್ನು ಯಜಮಾನರ ಮುಂದೆ ನಿಲ್ಲಿಸಿದ. ಯಜಮಾನರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಯಾರನ್ನೂ ನೋಯಿಸುವುದು ಬೇಕಿರಲಿಲ್ಲ. ಹಾಗೆ ಯಾರನ್ನೂ ನೋಯಿಸದವರು ಕೊನೆಗೆ ಬಡಪಾಯಿಯನ್ನೇ ಬಗ್ಗು ಎನ್ನುತ್ತಾರೆ.

"ನೋಡಮ್ಮ, ಕೆಲಸ ನೀನು ಸರಿಯಾಗೇ ಮಾಡಿದ್ದೀಯ. ಆದ್ರೆ ಎಲ್ಲರ ಮುಂದೆ ಮೇಸ್ತ್ರಿ ಮರ್ಯಾದೆ ಹೋಯ್ತು. ಎಲ್ಲರ ಮುಂದೆನೇ ಒಂದು ಮಾತು ತಪ್ಪಾಯ್ತು ಅಂದ್ಬಿಡು. ಮುಗೀತು."

"ತಪ್ಪಾಗಿಲ್ವಲ್ಲ ಯಜಮಾನ್ರೇ."

"ಬಾಯಿಮಾತಿಗೆ ಅನ್ನು."

"ಬಾಯಿ ನಂದೇ ಅಲ್ವಾ? ಅದು ಹೆಂಗೆ ಅನ್ಲಿ?"

ತಪ್ಪಾಯಿತು ಎನ್ನುವ ತನಕ ಕೆಲಸಕ್ಕೆ ಬರಬೇಡ ಎಂದರು. ಸುತ್ತಿಗೆ ಎತ್ತಿಕೊಂಡು ಮನೆಗೆ ನಡೆದೆ. ಅವ್ವ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಹೋಗಿ ಕಾಲು ಹಿಡಿ ಎನ್ನುತ್ತಾಳೇನೋ ಎಂಬ ಅಳುಕು ಒಳಗೇ ಇತ್ತು. ಅವಳು ಎದ್ದು ಸೊಂಟ ನೇರ ಮಾಡಿ, "ಆ ಸಾಲು ಹಿಡಿ," ಎಂದು ಪಕ್ಕದ ಸಾಲು ತೋರಿಸಿದಳು. ಅಷ್ಟೇ. ಆ ದಿನ ಹೊಲದಲ್ಲಿ ಎಷ್ಟು ನಿರಾಳವಾಗಿ ಕಳೆ ಕಿತ್ತೆನೋ, ಆಮೇಲೆ ಅಷ್ಟು ನಿರಾಳವಾಗಿ ಏನನ್ನೂ ಮಾಡಿದ ನೆನಪಿಲ್ಲ.

ಕಾರ್ಖಾನೆಯಲ್ಲಿ ನಡೆದದ್ದನ್ನು ಸಂಜೆಸಂಜೆ ನಮ್ಮ ಹಳ್ಳಿಯ ಕಡೆ ಬರುವ ಹೆಂಗಸರು ಹೇಳುತ್ತಿದ್ದರು. ಮುಂದಿನ ಟ್ರಾಲಿ ಕೆಟ್ಟಾಗ ಅಕ್ಕ ಬಯಲಿನ ನಡುವೆ ಕೂತು, ಗಟ್ಟಿ ಕಲ್ಲೊಂದನ್ನು ಹಿಡಿದು ಕೀಲು ಹೊಡೆದು ಗಾಲಿ ಬದಲಿಸಿದಳಂತೆ. ಮೇಸ್ತ್ರಿ ಅವಳಿಗೂ ತಪ್ಪಾಯ್ತು ಅನ್ನು ಎಂದ. ಅವಳು ಬುತ್ತಿ ಎತ್ತಿಕೊಂಡು ಹೊರಟಳು. ಮರುದಿನ ಇನ್ನೊಬ್ಬಳು ಅದೇ ಜಾಗದಲ್ಲಿ ಕೂತಳು. ಅದರ ಮರುದಿನ ಮತ್ತೊಬ್ಬಳು. ಯಾರೂ ಕೂಗಾಡಲಿಲ್ಲ, ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಕೆಟ್ಟದ್ದನ್ನು ಸರಿಮಾಡುವುದು, ಕಳಿಸಿದರೆ ಹೋಗುವುದು, ಅಷ್ಟೇ. ಹೊಸದಾಗಿ ಬಂದ ಹೆಂಗಸರಿಗೆ ಲಡಿ ತಿರುವುವುದು ಗೊತ್ತಿರಲಿಲ್ಲ. ನೂಲು ಒಂದು ಕಡೆ ಒಣಗಿ, ಇನ್ನೊಂದು ಕಡೆ ಹಸಿಯಾಗಿ ಮಚ್ಚೆಮಚ್ಚೆ ಬಿದ್ದಿತು. ಮದುವೆ ಕಾಲ ಹತ್ತಿರವಿತ್ತು, ನೇಕಾರರು ಬಂದು ಯಜಮಾನರ ಬಾಗಿಲಲ್ಲಿ ಕೂತರು.

ಒಂದು ಬೆಳಿಗ್ಗೆ ಯಜಮಾನರ ಕಾರು ಕೆರೆ ಏರಿಯ ತನಕ ಬಂದು ನಿಂತಿತು. ಅಲ್ಲಿಂದ ಅವರು ನಡೆದು ಬಂದರು. ಅವ್ವ ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು.

"ಬಾರಮ್ಮ, ಎಲ್ಲಾರೂ ಬನ್ನಿ," ಎಂದರು ನನಗೆ.

"ಅಕ್ಕನಿಗೆ ಭಾರ ಹೊರೋ ಕೆಲ್ಸ ಬೇಡ. ಟ್ರಾಲಿ ರಿಪೇರಿ ಅವಳಿಗೇ ಬಿಡಿ. ಸುತ್ತಿಗೆ, ಗಾಲಿ ನಮ್ಮ ಕಡೆ ಇರ್ಲಿ. ಆಮೇಲೆ, ತಪ್ಪಾಯ್ತು ಅನ್ನಲ್ಲ."

"ಆಯ್ತು, ಅನ್ಬೇಡ. ಮೇಸ್ತ್ರಿಗೆ ಒಂದು ನಮಸ್ಕಾರನಾದ್ರೂ ಹೇಳಮ್ಮ, ಅವರ ಮನಸ್ಸಿಗೆ ಸಮಾಧಾನ ಆಗ್ಲಿ."

"ದಿನಾ ಹೇಳ್ತಾನೇ ಇದ್ದೆ ಯಜಮಾನ್ರೇ. ಅವ್ರೇ ತಗೊಳ್ತಿರ್ಲಿಲ್ಲ."

ಅವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ನಗು ಬಂದದ್ದನ್ನು ಮೀಸೆಯಲ್ಲೇ ಒರೆಸಿಕೊಂಡರು.

ನಾವೆಲ್ಲ ವಾಪಸ್ ಹೋದೆವು. ಮೇಸ್ತ್ರಿ ನನ್ನ ಜೊತೆ ಮಾತು ಬಿಟ್ಟ. ಏನಾದರೂ ಹೇಳಬೇಕಾದರೆ ನನ್ನ ಪಕ್ಕದ ಗೋಡೆಗೆ ಹೇಳುತ್ತಿದ್ದ. ನಾನೂ ಗೋಡೆಗೇ ಉತ್ತರ ಕೊಡುತ್ತಿದ್ದೆ. ಅವನ ಕೆಲಸ ಹೋಗಲಿಲ್ಲ. ಟ್ರಾಲಿಯ ತಲೆನೋವು ತಪ್ಪಿದ ಮೇಲೆ ಬಾಯ್ಲರು, ಮೋಟಾರುಗಳ ಕಡೆ ಅವನ ಗಮನ ಚೆನ್ನಾಗಿಯೇ ಹೋಯಿತು. ಕೆಲವು ವರ್ಷಗಳ ಮೇಲೆ ಬೇರೆ ಕಡೆ ಕೆಲಸ ಸಿಕ್ಕಿ ಹೊರಡುವ ದಿನ, "ಗಾಲಿಗೆ ಎಣ್ಣೆ ಬಿಡೋದು ಮರೀಬೇಡಿ" ಎಂದು ನನ್ನ ಮುಖ ನೋಡಿಯೇ ಹೇಳಿದ.

ಬೇರೆ ಬಣ್ಣದ ಮನೆಗಳವರೂ ಬಂದು ನೋಡಿ ಸಾಬರಿಂದ ಅಂಥವನ್ನು ಮಾಡಿಸಿಕೊಂಡರು. ಅಕ್ಕನ ಕತ್ತು ಮಾತ್ರ ನೆಟ್ಟಗಾಗಲಿಲ್ಲ. ಅವಳಿಗೆ ಆದದ್ದಕ್ಕೆ ಯಾರೂ ಏನನ್ನೂ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಕೋಪ ನನ್ನಲ್ಲಿ ಇನ್ನೂ ಇದೆ. ಅದನ್ನು ಕಳೆದುಕೊಳ್ಳುವ ಇಷ್ಟ ನನಗಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಯಜಮಾನರ ಮಗ ಕಾರ್ಖಾನೆ ನೋಡಿಕೊಳ್ಳಲು ಬಂದರು. ಬಂದ ಹೊಸದರಲ್ಲಿ ಲಾರಿಯಲ್ಲಿ ಹೊಸ ಟ್ರಾಲಿಗಳನ್ನು ಇಳಿಸಿದರು. ಹಸಿರು ಬಣ್ಣ ಬಳಿದ ಉಕ್ಕಿನ ಪೆಟ್ಟಿಗೆಗಳು, ಮುಟ್ಟಿದರೆ ಕೈಗೆ ತಣ್ಣಗೆ ಹತ್ತುತ್ತಿದ್ದವು. ನಾವೆಲ್ಲ ಸುತ್ತ ನಿಂತೆವು. ಅಕ್ಕ ಅದರ ಸುತ್ತ ಮೈ ತಿರುಗಿಸುತ್ತಾ ಒಂದು ಸುತ್ತು ಬಂದಳು. ಎಲ್ಲ ಕಡೆಯೂ ವೆಲ್ಡಿಂಗಿನ ಗಂಟು.

"ಇದನ್ನ ಬಿಚ್ಚೋದು ಎಲ್ಲಿಂದ ಸ್ವಾಮಿ?" ಎಂದು ಕೇಳಿದಳು.

"ಬಿಚ್ಚೋದ್ಯಾಕಮ್ಮ? ಇದು ಕೆಡೋದೇ ಇಲ್ಲ."

"ಹಂಗಂದ್ರೆ ನಾವು ತಳ್ಳಲ್ಲ ಬಿಡಿ," ಎಂದಳು ಅಕ್ಕ. ಎಲ್ಲರೂ ಹಳೆಯ ಪೆಟ್ಟಿಗೆಗಳ ಕಡೆ ನಡೆದೆವು. ಆ ವಾರವಿಡೀ ಹಸಿರು ಟ್ರಾಲಿಗಳು ಬಾಗಿಲ ಹತ್ತಿರ ಖಾಲಿ ನಿಂತಿದ್ದವು. ಅವನ್ನು ತಳ್ಳಿ ಎಂದು ಯಾರೂ ನಮಗೆ ಹೇಳಲಿಲ್ಲ. ಮುಂದಿನ ಸಲ ಲಾರಿ ಬಂದಾಗ ಅವನ್ನು ಹತ್ತಿಸಿ ಕಳಿಸಿದರು.